ಆಕೆಯ ‘ಬೇಡ’ಕ್ಕೆ ಪರಿಹಾರ ಹುಡುಕುವ ಮುನ್ನ

ಪ್ರಶ್ನೆ: ನನಗೆ 28 ವರ್ಷ. ಮಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಉದ್ಯೋಗ. ಡೇಟಿಂಗ್ ಆ್ಯಪ್ ಮೂಲಕ ಪರಿಚಯವಾದ, ಉಡುಪಿಯಲ್ಲಿ ಕೆಲಸ ಮಾಡುವ 26 ವರ್ಷದ ಹುಡುಗಿಯೊಬ್ಬಳನ್ನು ನಾಲ್ಕು ತಿಂಗಳಿಂದ ಭೇಟಿಯಾಗುತ್ತಿದ್ದೇನೆ. ಕೈ ಹಿಡಿದು ನಡೆಯುತ್ತೇವೆ, ಬೈಕಿನಲ್ಲಿ ನನ್ನನ್ನು ಹಿಡಿದುಕೊಂಡೇ ಕೂರುತ್ತಾಳೆ. ಕಳೆದ ತಿಂಗಳು ತಣ್ಣೀರುಬಾವಿ ಬೀಚಿನಲ್ಲಿ ಮುತ್ತು ಕೊಡಲು ಹೋದಾಗ ಮುಖ ತಿರುಗಿಸಿ, ನಕ್ಕು, “ಬೇಡ ಮಾರಾಯ, ಯಾರಾದ್ರೂ ನೋಡ್ತಾರೆ” ಎಂದಳು. ನನಗೆ ಅವಮಾನವಾದಂತಾಗಿ, ಕೊಟ್ಟಾರ ಚೌಕಿಯಲ್ಲಿ ಉಡುಪಿ ಬಸ್ಸಿಗೆ ಬಿಡುವವರೆಗೂ ಮಾತಾಡಲಿಲ್ಲ. ಈಗ ಅವಳ ಮೆಸೇಜುಗಳು ಚುಟುಕಾಗಿವೆ. ಹುಡುಗಿಯರು ಮೊದಲು ಬೇಡ ಎಂದೇ ಅನ್ನುತ್ತಾರೆ, ಕೇಳಿಕೊಂಡು ಕೂತರೆ ಮೂಡ್ ಹಾಳಾಗುತ್ತದೆ, ಗಂಡಸೇ ಮುಂದಾಗಬೇಕು ಎಂದು ಗೆಳೆಯರು ಹೇಳುತ್ತಾರೆ. ಯಾರೂ ನೋಡದ ಜಾಗವೆಂದು ಕೊಟ್ಟಿಗೆಹಾರದ ಕಡೆ ಒಂದು ಹೋಂಸ್ಟೇ ನೋಡಿಟ್ಟಿದ್ದೇನೆ. ಹೋಗೋಣವೇ ಎಂದದ್ದಕ್ಕೆ ಅವಳು “ನೋಡುವ” ಎಂದಿದ್ದಾಳೆ. ಒಪ್ಪಿಗೆ ಇದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಹೋಂಸ್ಟೇಗೆ ಬಂದರೆ ಒಪ್ಪಿಗೆ ಎಂದೇ ಅರ್ಥವಲ್ಲವೇ? ನಾಳೆ ಕೇಸು ಗೀಸು ಆದರೆ ಎಂಬ ಭಯವೂ ಇದೆ.
– ಹೆಸರು ಬೇಡ, ಸುರತ್ಕಲ್

ಉತ್ತರ: ತಣ್ಣೀರುಬಾವಿಯಲ್ಲಿ ಆಕೆ ಏನೇನು ಮಾಡಿದರು ಎಂಬುದನ್ನು ನೀವೇ ಕ್ರಮವಾಗಿ ಬರೆದಿದ್ದೀರಿ. ಮೊದಲು ಮುಖ ತಿರುಗಿಸಿದರು, ಆಮೇಲೆ ‘ಬೇಡ’ ಎಂದರು, ಕೊನೆಗೆ ಒಂದು ಕಾರಣ ಹೇಳಿದರು. ಇವುಗಳಲ್ಲಿ ಮೊದಲಿನ ಎರಡನ್ನು ನೀವು ಅಲ್ಲೇ ಮರಳಿನಲ್ಲಿ ಬಿಟ್ಟು, ಮೂರನೆಯದನ್ನು ಮಾತ್ರ ಮನೆಗೆ ತಂದು, ಒಂದು ತಿಂಗಳಿಂದ ಅದಕ್ಕೆ ಪರಿಹಾರ ಹುಡುಕುತ್ತಿದ್ದೀರಿ. ಯಾರಾದರೂ ನೋಡುತ್ತಾರೆ ಎಂಬುದು ತೊಂದರೆಯಾದರೆ ಯಾರೂ ನೋಡದ ಜಾಗ ಸಿಕ್ಕಿದರಾಯಿತು ಎಂಬ ನಿಮ್ಮ ಲೆಕ್ಕ ಕೆಲಸದ ಸ್ಥಳದಲ್ಲಿ ಸರಿಯಾದೀತು. ಅಲ್ಲಿ ಯಾರಾದರೂ ಅಡ್ಡಿಯೊಂದನ್ನು ಹೇಳಿದರೆ ಅದನ್ನು ನಿವಾರಿಸಿ ಎಂದೇ ಅರ್ಥ. ಒಬ್ಬರು ತಮ್ಮ ಮೈ ಮುಟ್ಟುವುದನ್ನು ನಿರಾಕರಿಸಿ, ಜೊತೆಗೆ ಒಂದು ಕಾರಣವನ್ನು ಕೊಟ್ಟಾಗ ಆ ಕಾರಣ ಇರುವುದು ನಿಮ್ಮ ಮನಸ್ಸು ನೋಯದಿರಲಿ ಎಂದು. ಅದನ್ನು ನಿವಾರಿಸಿದ ಮಾತ್ರಕ್ಕೆ ಅದರ ಹಿಂದಿನ ‘ಬೇಡ’ ಕರಗುವುದಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಮುಖಕ್ಕೆ ಹೊಡೆದಂತೆ ‘ಇಲ್ಲ’ ಎನ್ನುವವರು ಕಡಿಮೆ. ಮದುವೆಗೆ ಕರೆಯಲು ಬಂದವರಿಗೆ “ನೋಡುವ, ಆದಷ್ಟು ಪ್ರಯತ್ನ ಮಾಡ್ತೇವೆ” ಎನ್ನುತ್ತೇವೆ. ಸಾಲ ಕೇಳಿದವರಿಗೆ “ಈ ತಿಂಗಳು ಸ್ವಲ್ಪ ಕಷ್ಟ” ಎನ್ನುತ್ತೇವೆ. ಯುವಕ ಮಂಡಲದ ಅಧ್ಯಕ್ಷರಾಗಿ ಎಂದರೆ “ನನಗಿಂತ ಹಿರಿಯರು ಇದ್ದಾರಲ್ಲ” ಎನ್ನುತ್ತೇವೆ. ಕೇಳಿದವರಿಗೂ ಅದು ತಟ್ಟನೆ ತಿಳಿಯುತ್ತದೆ. ಈ ತಿಂಗಳು ಕಷ್ಟ ಎಂದ ಮಾತ್ರಕ್ಕೆ ಮುಂದಿನ ತಿಂಗಳ 1ನೇ ತಾರೀಕಿಗೆ ಯಾರೂ ಬಾಗಿಲು ತಟ್ಟುವುದಿಲ್ಲ. 1999ರಲ್ಲಿ ಬ್ರಿಟನ್ನಿನ ಸಂಶೋಧಕಿಯರಾದ ಸೀಲಿಯಾ ಕಿಟ್ಸಿಂಗರ್ ಮತ್ತು ಹ್ಯಾನಾ ಫ್ರಿತ್ ಇದೇ ವಿಷಯದ ಮೇಲೆ ಒಂದು ಪ್ರಬಂಧ ಪ್ರಕಟಿಸಿದರು. ದಿನನಿತ್ಯದ ಮಾತುಕತೆಯಲ್ಲಿ ಜನ ನಿರಾಕರಿಸುವುದು ಬರಿಯ ‘ಇಲ್ಲ’ದಿಂದ ಅಲ್ಲ, ಕ್ಷಣಕಾಲದ ಮೌನ, ‘ಅದೂ…’ ಎಂಬ ಎಳೆತ, ಒಂದು ಒಳ್ಳೆಯ ಮಾತು, ಆಮೇಲೆ ಒಂದು ಕಾರಣ, ಇವುಗಳಿಂದ. ಕೇಳುಗರು ಆ ತಡವರಿಕೆಯಲ್ಲೇ ನಿರಾಕರಣೆಯನ್ನು ಗುರುತಿಸಿಬಿಡುತ್ತಾರೆ. ಆದ್ದರಿಂದ ಹೆಣ್ಣು ಸ್ಪಷ್ಟವಾಗಿ ಹೇಳಲಿಲ್ಲ, ಹಾಗಾಗಿ ನನಗೆ ಅರ್ಥವಾಗಲಿಲ್ಲ ಎನ್ನುವ ಗಂಡಸಿನ ಮಾತು ನಂಬಲರ್ಹವಲ್ಲ ಎಂಬುದು ಅವರ ವಾದ. ಸಮಾಲೋಚನೆಗೆ ಬರುವ ಹುಡುಗರ ಮಾತು ಕೇಳಿದ ಮೇಲೆ ಈ ವಾದ ನನಗೂ ಸರಿಯೆನಿಸಿದೆ. ಅರ್ಥವಾಗದೆ ಹೋಗುವುದು ಅಪರೂಪ. ಅರ್ಥವಾದದ್ದು ಬೇಡವಾಗಿರುವುದೇ ಹೆಚ್ಚು. ನಿಮಗೂ ಆ ಸಂಜೆ ಅರ್ಥವಾಗಿತ್ತು, ಇಲ್ಲದಿದ್ದರೆ ಅವಮಾನವಾಗುತ್ತಿರಲಿಲ್ಲ.

ಇದಕ್ಕೆ ನೀವು ಒಂದು ಆಕ್ಷೇಪ ಎತ್ತಬಹುದು. ನಮ್ಮಲ್ಲಿ ಒಂದು ಸಲ ಬೇಡವೆನ್ನುವುದು, ಎದುರಿನವರು ಒತ್ತಾಯ ಮಾಡುವುದು, ಆಮೇಲೆ ಒಪ್ಪುವುದು ಮರ್ಯಾದೆಯ ರೀತಿಯೇ ಅಲ್ಲವೇ? ಹೌದು, ಉಪಚಾರದಲ್ಲಿ ಹಾಗೆಯೇ. ಊಟದ ಪಂಕ್ತಿಯಲ್ಲಿ ಎರಡನೇ ಸುತ್ತಿನ ಪಾಯಸಕ್ಕೆ “ಸಾಕು, ಸಾಕು” ಎಂದವರಿಗೆ “ಒಂದು ಸೌಟು ಎಂತ ಆಗುದಿಲ್ಲ” ಎಂದು ಬಡಿಸುವುದುಂಟು, ಅದರಲ್ಲಿ ಪ್ರೀತಿಯೂ ಉಂಟು. ಆದರೆ ಅಲ್ಲಿಯೂ ಎಲೆಯ ಮೇಲೆ ಎರಡೂ ಅಂಗೈ ಅಡ್ಡ ಹಿಡಿದು ಬಗ್ಗಿ ಕೂತವರ ಕೈಯ ಮೇಲೆ ಬಿಸಿ ಪಾಯಸ ಹೊಯ್ಯುವ ಬಡಿಸುವವರನ್ನು ನಾನಂತೂ ಕಂಡಿಲ್ಲ. ಅಂಥವರನ್ನು ಕಂಡ ಕೂಡಲೇ ಅವರು ಮುಂದಿನ ಎಲೆಗೆ ಹೋಗುತ್ತಾರೆ. ನಿಮ್ಮ ಗೆಳೆಯರು ‘ಮೊದಲು ಬೇಡ ಎಂದೇ ಅನ್ನುತ್ತಾರೆ’ ಎನ್ನುವಾಗ ಉಪಚಾರದ ಈ ಒತ್ತಾಯವನ್ನು ಅದು ಸಲ್ಲದ ಕಡೆಗೆ ತರುತ್ತಿದ್ದಾರೆ. ಮುಖ ತಿರುಗಿಸಿದವರು ಎಲೆಗೆ ಕೈ ಅಡ್ಡ ಹಿಡಿದಾಗಿದೆ.

ಹಾಗಾದರೆ ಆಕೆ ಹೇಳಿದ ಕಾರಣ ಸುಳ್ಳೇ? ಹಾಗೆನ್ನಲಾಗದು. 2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದಕ್ಕೆ ನುಗ್ಗಿದ ಗುಂಪು ಯುವತಿಯರನ್ನು ಎಳೆದಾಡಿ ಹೊಡೆದದ್ದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು. 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರ ಮೇಲೆ ದಾಳಿಯಾಯಿತು. ಆಗಿನ್ನೂ ಶಾಲೆಯಲ್ಲಿದ್ದ ನಿಮ್ಮ ಗೆಳತಿಯಂಥವರು ಈ ಸುದ್ದಿಗಳನ್ನು ಕೇಳಿಕೊಂಡು, ಅದಕ್ಕಿಂತ ಹೆಚ್ಚಾಗಿ ಮನೆಯಲ್ಲಿ ಅದರ ಮೇಲೆ ನಡೆದ ಮಾತುಗಳನ್ನು ಕೇಳಿಕೊಂಡು ಬೆಳೆದವರು. ಬೀಚಿನಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದ ಒಂದು ಚಿತ್ರ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಬಿದ್ದರೆ ಹುಡುಗನಿಗೆ ಎರಡು ದಿನ ಬೈಗುಳ, ಹುಡುಗಿಗೆ ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸುವ ಮಾತು. ಆದ್ದರಿಂದ ಆ ಭಯ ನಿಜವಿರಬಹುದು. ಆದರೆ ಭಯ ನಿಜವಿದ್ದರೂ ಅದರಿಂದ ಹೊರಡುವ ತೀರ್ಮಾನ ಒಂದೇ: ಬಯಲಿನಲ್ಲಿ ಆಕೆಗೆ ಮುಜುಗರವಾಗುವಂತೆ ನಡೆದುಕೊಳ್ಳಬಾರದು. ಬಾಗಿಲು ಹಾಕಿದ ಕೋಣೆಯಲ್ಲಿ ಆಕೆಗೆ ಏನು ಬೇಕು ಎಂಬುದರ ಬಗ್ಗೆ ಆ ವಾಕ್ಯ ಏನನ್ನೂ ಹೇಳುವುದಿಲ್ಲ. ಅದನ್ನು ಬೇರೆಯಾಗಿಯೇ ಕೇಳಿ ತಿಳಿಯಬೇಕು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮುತ್ತು ಕೊಡಲು ಹೋದ ಸಂಗತಿಯಲ್ಲ. ಅದು ಮುಗಿದದ್ದು ಎರಡು ಸೆಕೆಂಡಿನಲ್ಲಿ. ಆಕೆ ಬೇಡವೆಂದರು, ನೀವು ನಿಲ್ಲಿಸಿದಿರಿ, ಅಷ್ಟರಮಟ್ಟಿಗೆ ಸರಿಯೇ. ಯೋಚನೆಗೆ ಹಚ್ಚಿದ್ದು ಅಲ್ಲಿಂದ ಕೂಳೂರು ಸೇತುವೆ ದಾಟಿ ಕೊಟ್ಟಾರ ಚೌಕಿಯವರೆಗಿನ ಮೌನ. ಆ ದಾರಿಯನ್ನು ಹಿಂದಿನ ಸೀಟಿನಿಂದ ನೋಡಿ. ಹೆಲ್ಮೆಟ್ಟಿನ ಹಿಂಭಾಗ ಬಿಟ್ಟರೆ ಬೇರೇನೂ ಕಾಣುವುದಿಲ್ಲ, ಲಾರಿಗಳ ಸದ್ದಿನಲ್ಲಿ ಒಂದೆರಡು ಮಾತು ಎತ್ತಿದರೆ ಉತ್ತರವಿಲ್ಲ, ಬೈಕಿನ ವೇಗ ಬಂದಾಗ ಇದ್ದಂತೆ ಇಲ್ಲ, ಹಿಡಿದುಕೊಳ್ಳಬೇಕೋ ಬೇಡವೋ ಎಂದು ತಿಳಿಯದೆ ಕೈಯನ್ನು ಹಿಂದಿನ ಕಂಬಿಗೆ ಒಯ್ದಿರಬಹುದು. ಇಳಿದು ಬಸ್ಸು ಹತ್ತುವಷ್ಟರಲ್ಲಿ ಆಕೆ ಒಂದು ಪಾಠ ಕಲಿತಿರುತ್ತಾರೆ: ಈ ಮನುಷ್ಯನಿಗೆ ಬೇಡವೆಂದರೆ ಅದಕ್ಕೆ ಬೆಲೆ ತೆರಬೇಕು. ಮುಂದಿನ ಸಲ ನೀವು ಕೇಳಿದರೂ ಆಕೆ ತೂಗುವುದು ಮುತ್ತು ಬೇಕೋ ಬೇಡವೋ ಎಂಬುದನ್ನಲ್ಲ, ಮುತ್ತು ಮತ್ತು ಆ ಮೌನ ಇವೆರಡರಲ್ಲಿ ಯಾವುದನ್ನು ತಡೆದುಕೊಳ್ಳಬಹುದು ಎಂಬುದನ್ನು. ಹಾಗೆ ಬಂದ ‘ಹೂಂ’ ನಿಮ್ಮ ಕೈಯಲ್ಲಿದ್ದರೂ ಅದು ಒಪ್ಪಿಗೆಯಲ್ಲ. ಮುಖ ಊದಿಸಿಕೊಳ್ಳುವುದನ್ನು ನಮ್ಮ ಗಂಡಸರು ತಮ್ಮ ಮನಸ್ಸಿನ ನೋವು ಎಂದೇ ತಿಳಿಯುತ್ತಾರೆ, ಎದುರಿಗಿರುವವರಿಗೆ ಅದು ಶಿಕ್ಷೆಯಾಗಿ ಕಾಣುತ್ತದೆ ಎಂಬುದು ಹೊಳೆಯುವುದೇ ಇಲ್ಲ. ಚುಟುಕಾದ ಮೆಸೇಜುಗಳ ಗುಟ್ಟು ಬಹುಶಃ ಇಲ್ಲಿಯೇ ಇದೆ.

ಒಪ್ಪಿಗೆ ಇದೆಯೋ ಇಲ್ಲವೋ ಎಂದು ತಿಳಿಯುವ ಬಗೆ ಯಾವುದು ಎಂದು ಕೇಳಿದ್ದೀರಿ. ಕೈ ಹಿಡಿಯುವುದು ಕೈ ಹಿಡಿಯುವುದಕ್ಕಷ್ಟೇ ಒಪ್ಪಿಗೆ, ಬೈಕಿನಲ್ಲಿ ಹಿಡಿದು ಕೂರುವುದು ಬಹುಪಾಲು ಬೀಳದಿರಲು. ಒಂದರಿಂದ ಮತ್ತೊಂದನ್ನು ಊಹಿಸುವುದು, ನಿನ್ನೆಯದರಿಂದ ಇಂದಿನದನ್ನು ಊಹಿಸುವುದು, ಎರಡೂ ತಪ್ಪು. ಮೈಯ ಭಾಷೆಯನ್ನು ನೋಡಬೇಕು ಎನ್ನುವುದು ಸರಿ, ಆದರೆ ಏನನ್ನು ನೋಡಬೇಕು? ಬಯಸಿದವರು ತಾವೂ ಹತ್ತಿರ ಬರುತ್ತಾರೆ, ಮುಟ್ಟಿದ್ದಕ್ಕೆ ಮುಟ್ಟುತ್ತಾರೆ, ನೀವು ಒಂದು ಹೆಜ್ಜೆ ಹಿಂದೆ ಸರಿದರೆ ಅವರು ಒಂದು ಹೆಜ್ಜೆ ಮುಂದೆ ಬರುತ್ತಾರೆ. ಬಯಸದವರ ಭುಜ ಬಿಗಿಯುತ್ತದೆ, ಕಣ್ಣು ಬಾಗಿಲಿನ ಕಡೆಗೋ ಮೊಬೈಲಿನ ಕಡೆಗೋ ಹೋಗುತ್ತದೆ, ನಗು ಬರುತ್ತದೆ. ನಗುವಿನ ಬಗ್ಗೆ ವಿಶೇಷ ಎಚ್ಚರ ಬೇಕು, ಏಕೆಂದರೆ ಇಕ್ಕಟ್ಟಿನಿಂದ ಪಾರಾಗಲು ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಕಲಿಸಿದ ಉಪಾಯ ಅದು.

ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಓದಲಾಗುವುದು ಸುಮ್ಮನಿರುವಿಕೆಯನ್ನು. ಹೆದರಿದ ದೇಹ ಓಡುತ್ತದೆ ಅಥವಾ ಎದುರು ಬೀಳುತ್ತದೆ ಎಂದು ನಾವು ತಿಳಿದಿದ್ದೇವೆ. ಮೂರನೆಯ ದಾರಿಯೊಂದಿದೆ, ಅದು ಮರಗಟ್ಟುವುದು. ಕೈಕಾಲು ಚಲಿಸುವುದಿಲ್ಲ, ಗಂಟಲಿನಿಂದ ದನಿ ಹೊರಡುವುದಿಲ್ಲ, ಎದುರಿಗಿರುವವರಿಗೆ ಅದು ‘ಏನೂ ಹೇಳಲಿಲ್ಲ’ ಎಂದು ಕಾಣುತ್ತದೆ. 2017ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು ಸ್ಟಾಕ್‌ಹೋಮಿನ ತುರ್ತು ಚಿಕಿತ್ಸಾಲಯಕ್ಕೆ ಅತ್ಯಾಚಾರದ ನಂತರ ಬಂದ 298 ಮಹಿಳೆಯರನ್ನು ವಿಚಾರಿಸಿದಾಗ, ಅವರಲ್ಲಿ ಶೇ 70ರಷ್ಟು ಮಂದಿ ಆ ಹೊತ್ತಿನಲ್ಲಿ ಗಣನೀಯ ಪ್ರಮಾಣದಲ್ಲಿ ಹೀಗೆ ಮರಗಟ್ಟಿದ್ದರೆಂದು ತಿಳಿದುಬಂತು. ನಿಮ್ಮ ಸಂಗತಿ ಅಂಥದ್ದಲ್ಲ, ಹೋಲಿಸಲೂ ಬಾರದು. ಆದರೂ ಇದನ್ನು ಹೇಳಿದ್ದಕ್ಕೆ ಕಾರಣವಿದೆ. ‘ತಡೆಯಲಿಲ್ಲವಲ್ಲ’ ಎಂಬ ವಾಕ್ಯ ನಿಮ್ಮ ಮನಸ್ಸಿಗೆ ಎಂದಾದರೂ ಬಂದರೆ, ಅದು ಏನನ್ನೂ ಸಾಬೀತು ಮಾಡುವುದಿಲ್ಲವೆಂದು ತಿಳಿದಿರಬೇಕು. ಸುಮ್ಮನಾದವರ ಮುಂದೆ ಮಾಡಬೇಕಾದ ಕೆಲಸ ನಿಲ್ಲಿಸುವುದು, ನಿಲ್ಲಿಸಿ ಕೇಳುವುದು.

ಕೇಳಿದರೆ ಮೂಡ್ ಹಾಳಾಗುತ್ತದೆ ಎನ್ನುವುದು ರೀಲ್ಸ್ ಮಾಡಿ ಗಂಡಸುತನದ ಪಾಠ ಹೇಳುವವರ ಬಂಡವಾಳ. ನನಗೆ ಈ ಮಾತು ಕೇಳಿದಾಗಲೆಲ್ಲ ಅವರು ಎಂದೂ ಕೇಳಿಯೇ ನೋಡಿಲ್ಲವೇನೋ ಅನಿಸುತ್ತದೆ. ಕೋರ್ಟಿನ ಕಟಕಟೆಯಲ್ಲಿ ನಿಂತವರಂತೆ “ನಿಮ್ಮ ಸಮ್ಮತಿ ಇದೆಯೇ” ಎಂದು ಕೇಳಿದರೆ ಮೂಡ್ ಹಾಳಾಗುವುದು ಖಂಡಿತ. ಹಾಗೆ ಕೇಳಿ ಎಂದು ಯಾರೂ ಹೇಳಿಲ್ಲ. ನೀವಿಬ್ಬರೂ ದಿನವಿಡೀ ಆಡುವ ಮಾತು ಯಾವುದೋ, ತುಳುವೋ ಕೊಂಕಣಿಯೋ ಬ್ಯಾರಿಯೋ ನಮ್ಮ ಮಂಗಳೂರು ಕನ್ನಡವೋ, ಅದರಲ್ಲಿಯೇ, ಮುಖದಿಂದ ಒಂದು ಮೊಳ ದೂರ ಇರುವಾಗಲೇ “ಕಿಸ್ ಮಾಡ್ಲಾ?” ಎಂದರೆ ಸಾಕು. ಅದಕ್ಕೆ “ಬೇಡಾಂದ್ರೆ ಬೇಡ, ಬೇಜಾರಿಲ್ಲ” ಎಂದು ಸೇರಿಸಿದರೆ ಇನ್ನೂ ಒಳ್ಳೆಯದು, ಆದರೆ ಬೇಜಾರಿಲ್ಲ ಎಂದ ಮೇಲೆ ಬೇಜಾರು ಮಾಡಿಕೊಳ್ಳದಿರುವುದು ಮುಖ್ಯ. ಕೇಳಿದ ಮೇಲೆ ಉತ್ತರಕ್ಕೆ ಸಮಯ ಕೊಡಬೇಕು. ಕೇಳುತ್ತ ಕೇಳುತ್ತ ಮುಂದುವರಿದರೆ ಅದು ಕೇಳಿದಂತಲ್ಲ, ತಿಳಿಸಿದಂತೆ. ಉತ್ತರದಲ್ಲಿ ಉತ್ಸಾಹ ಇಲ್ಲದಿದ್ದರೆ, ಎಳೆತವಿದ್ದರೆ, ‘ಹೂಂ, ನೋಡುವ’ ಇದ್ದರೆ, ಅದನ್ನು ಈ ಹೊತ್ತಿಗೆ ಬೇಡ ಎಂದೇ ತೆಗೆದುಕೊಳ್ಳಿ. ನಿಮ್ಮ ಲೆಕ್ಕ ತಪ್ಪಿದರೂ ಆಗುವ ನಷ್ಟ ಒಂದು ಮುತ್ತು, ಅದೂ ಮುಂದೂಡಿದ್ದು. ಆಕೆಗೆ ಬೇಕಿದ್ದರೆ ಆಕೆಯೇ ಹೇಳುವ ದಾರಿ ತೆರೆದೇ ಇರುತ್ತದೆ. ಲೆಕ್ಕ ಇನ್ನೊಂದು ಕಡೆಗೆ ತಪ್ಪಿದರೆ ಆಗುವ ನಷ್ಟ ಆಕೆಯದು, ಅದನ್ನು ನೀವು ತುಂಬಿಕೊಡಲಾರಿರಿ.

ಈಗ ಹೋಂಸ್ಟೇ. ಆಕೆ ‘ನೋಡುವ’ ಎಂದಿದ್ದಾರೆ. ಈ ಮಾತಿನ ತೂಕ ನಿಮಗೆ ಗೊತ್ತು, ಮದುವೆ ಕಾಗದ ಹಿಡಿದುಕೊಂಡು ನಾಲ್ಕು ಮನೆ ಸುತ್ತಿದವರಿಗೆಲ್ಲ ಗೊತ್ತು. ಒಂದು ವೇಳೆ ಬರುತ್ತೇನೆಂದೇ ಹೇಳಿದರೂ ಅದು ಬರುವುದಕ್ಕೆ ಒಪ್ಪಿಗೆ. ಒಂದೇ ಕೋಣೆ ಎಂದರೆ ಒಂದೇ ಕೋಣೆಗೆ ಒಪ್ಪಿಗೆ. ಅಲ್ಲಿಂದ ಮುಂದಿನ ಪ್ರತಿಯೊಂದಕ್ಕೂ ಆ ಹೊತ್ತಿನಲ್ಲಿ ಬೇರೆ ಒಪ್ಪಿಗೆ ಬೇಕು, ಕೊಟ್ಟ ಒಪ್ಪಿಗೆಯನ್ನು ಮಧ್ಯದಲ್ಲಿ ಹಿಂದೆಗೆದುಕೊಳ್ಳುವ ಅಧಿಕಾರವೂ ಆಕೆಗೆ ಇದೆ. ಮದುವೆಯಾಗದ ಇಬ್ಬರು ವಯಸ್ಕರು ಒಂದು ಕೋಣೆಯಲ್ಲಿ ತಂಗುವುದನ್ನು ಅಪರಾಧವೆನ್ನುವ ಕಾನೂನು ನಮ್ಮಲ್ಲಿ ಇಲ್ಲ, ಅದರ ಬಗ್ಗೆ ನನ್ನ ತಕರಾರೂ ಇಲ್ಲ. ತಕರಾರು ಇರುವುದು ಜಾಗದ ಆಯ್ಕೆಯ ಬಗ್ಗೆ. ತಣ್ಣೀರುಬಾವಿಯಲ್ಲಿ ಆಕೆಗೆ ಬೇಸರವಾದಾಗ ಅರ್ಧ ಗಂಟೆಯಲ್ಲಿ ಉಡುಪಿಯ ಎಕ್ಸ್‌ಪ್ರೆಸ್ ಬಸ್ಸು ಸಿಕ್ಕಿತು. ಚಾರ್ಮಾಡಿ ಘಾಟಿ ಹತ್ತಿ, ತೋಟದೊಳಗಿನ ಮಣ್ಣಿನ ದಾರಿಯಲ್ಲಿ ಇಳಿದು ಹೋಗುವ ಮನೆಯೊಂದರಲ್ಲಿ, ರಾತ್ರಿ ಒಂಬತ್ತಕ್ಕೆ, ನೆಟ್‌ವರ್ಕ್ ಇದ್ದರೂ ಇಲ್ಲದಂತಿರುವಲ್ಲಿ, ಬಂದ ಬೈಕಿನ ಕೀಲಿ ನಿಮ್ಮ ಜೇಬಿನಲ್ಲಿರುವಾಗ, ಆಕೆಗೆ ಬೇಡವೆನಿಸಿದರೆ ಎಲ್ಲಿಗೆ ಹೋಗಬೇಕು? ಎದ್ದು ಹೋಗಲು ದಾರಿ ಇಲ್ಲದ ಕಡೆ ಹೇಳಿದ ‘ಹೂಂ’ ಎಷ್ಟು ಸ್ವಂತದ್ದು ಎಂಬುದು ನಿಮಗೂ ತಿಳಿಯುವುದಿಲ್ಲ, ಕೆಲವೊಮ್ಮೆ ಹೇಳಿದವರಿಗೂ ತಿಳಿಯುವುದಿಲ್ಲ. ಒಬ್ಬರ ಮನಸ್ಸು ತಿಳಿಯಬೇಕೆಂಬ ಆಸೆ ನಿಜವಾಗಿಯೂ ಇದ್ದರೆ, ಅವರು ಹೇಗೆ ಬಂದರೋ ಹಾಗೆ ತಾವಾಗಿ ಹಿಂದಿರುಗಬಹುದಾದ ಜಾಗಗಳಲ್ಲಿಯೇ ಭೇಟಿಯಾಗಬೇಕು. ಈ ಕಾರಣಕ್ಕೆ ಆ ಯೋಜನೆಯನ್ನು ಈಗ ಕೈಬಿಡಿ. ಮುಂದೊಂದು ದಿನ ಇಬ್ಬರಿಗೂ ಹೋಗಬೇಕೆನಿಸಿದರೆ ಜಾಗವನ್ನು ಆಕೆ ಆರಿಸಲಿ.

ಕುಡಿತದ ವಿಷಯ ನೀವು ಬರೆದಿಲ್ಲವಾದರೂ ಹೋಂಸ್ಟೇ ಎಂದರೆ ಬಹಳ ಜನರಿಗೆ ಅದೂ ಸೇರಿಯೇ ಇರುತ್ತದೆ. ನಾಲಿಗೆ ತೊದಲುವಷ್ಟು ಕುಡಿದವರ ಒಪ್ಪಿಗೆ ಒಪ್ಪಿಗೆಯಲ್ಲ, ಧೈರ್ಯ ಬರಲಿ ಎಂದು ಒಂದು ಪೆಗ್ ಹೆಚ್ಚು ಹಾಕುವುದು ಉಪಾಯವೂ ಅಲ್ಲ.

ಕೇಸಿನ ಭಯದ ಬಗ್ಗೆ. ಕಾನೂನು ಇವತ್ತು ಎಲ್ಲಿ ನಿಂತಿದೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. 1972ರಲ್ಲಿ ಮಹಾರಾಷ್ಟ್ರದಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಪೊಲೀಸ್ ಠಾಣೆಯಲ್ಲೇ ಅತ್ಯಾಚಾರ ನಡೆದ ಆರೋಪದಲ್ಲಿ, ಮೈಮೇಲೆ ಗಾಯದ ಗುರುತಿಲ್ಲ, ಪ್ರತಿಭಟಿಸಿದ ಸಾಕ್ಷ್ಯವಿಲ್ಲ ಎಂಬ ನೆಲೆಯಲ್ಲಿ ಸುಪ್ರೀಂ ಕೋರ್ಟ್ ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್ವಾರ್ ಮತ್ತು ರಘುನಾಥ್ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದು, ಮಣಿದದ್ದೆಲ್ಲ ಒಪ್ಪಿದ್ದಲ್ಲ ಎಂಬ ವ್ಯತ್ಯಾಸವನ್ನು ನ್ಯಾಯಾಲಯ ಕಾಣದೆ ಹೋಯಿತೆಂದು ವಾದಿಸಿದರು. ಆ ಪತ್ರದಿಂದ ಎದ್ದ ಚಳವಳಿಯ ಫಲವಾಗಿ 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ದೆಹಲಿಯ 2012ರ ಘಟನೆಯ ನಂತರ, ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯ ವರದಿಯ ಬೆನ್ನಿಗೆ, 2013ರಲ್ಲಿ ಮತ್ತೆ ತಿದ್ದುಪಡಿಯಾಗಿ ಸಮ್ಮತಿ ಎಂದರೇನು ಎಂಬ ವಿವರಣೆ ಕಾನೂನಿನೊಳಗೇ ಬಂತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ ಅದನ್ನು ಉಳಿಸಿಕೊಂಡಿದೆ. ಅದರ ಸಾರ ಇಷ್ಟು: ಮಾತಿನಿಂದಲೋ ಸನ್ನೆಯಿಂದಲೋ ಬೇರೆ ರೀತಿಯಿಂದಲೋ, ನಿರ್ದಿಷ್ಟವಾದ ಆ ಕ್ರಿಯೆಗೆ ತಾನು ಸಿದ್ಧಳಿದ್ದೇನೆಂದು ಹೆಣ್ಣು ಸಂದಿಗ್ಧಕ್ಕೆ ಎಡೆಯಿಲ್ಲದಂತೆ, ಸ್ವಇಚ್ಛೆಯಿಂದ ತಿಳಿಸಿರಬೇಕು, ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದ್ದಾಳೆಂದು ತಿಳಿಯತಕ್ಕದ್ದಲ್ಲ. ಅಮಲಿನಿಂದ ಕ್ರಿಯೆಯ ಸ್ವರೂಪ, ಪರಿಣಾಮ ತಿಳಿಯದ ಸ್ಥಿತಿಯಲ್ಲಿ ಕೊಟ್ಟ ಸಮ್ಮತಿ ಸಲ್ಲದು. 18 ವರ್ಷಕ್ಕಿಂತ ಕಡಿಮೆಯವರ ಸಮ್ಮತಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ. ಬಲವಂತದ ಮುತ್ತು ಅಪ್ಪುಗೆಗಳೂ ಅಪರಾಧವೇ. ಮಾನಭಂಗದ ಉದ್ದೇಶದಿಂದ ಬಲಪ್ರಯೋಗ ಮಾಡಿದರೆ 74ನೇ ಸೆಕ್ಷನ್ ಪ್ರಕಾರ 1ರಿಂದ 5 ವರ್ಷ ಸೆರೆವಾಸವಿದೆ.

ಹುಡುಗರು ಮರೆಯುವ ಎರಡು ಸೆಕ್ಷನ್‌ಗಳನ್ನೂ ಹೇಳಿಬಿಡುತ್ತೇನೆ. ಖಾಸಗಿ ಹೊತ್ತಿನ ಫೋಟೊ ತೆಗೆಯಲು ಆಕೆ ಒಪ್ಪಿದ್ದರೂ ಅದನ್ನು ಇನ್ನೊಬ್ಬರಿಗೆ ಕಳುಹಿಸಲು ಒಪ್ಪಿದಂತೆ ಅಲ್ಲ. ಗೆಳೆಯನೊಬ್ಬನಿಗೆ ತೋರಿಸಲೆಂದು ಕಳುಹಿಸಿದರೂ 77ನೇ ಸೆಕ್ಷನ್ ಅಡಿ ಅಪರಾಧವಾಗುತ್ತದೆ. ಎರಡನೆಯದು 69. ನೆರವೇರಿಸುವ ಉದ್ದೇಶವಿಲ್ಲದೆ ಮದುವೆಯ ಮಾತು ಕೊಟ್ಟು ದೈಹಿಕ ಸಂಬಂಧ ನಡೆಸಿದರೆ ಅದು ಅತ್ಯಾಚಾರದ ವ್ಯಾಖ್ಯೆಗೆ ಬಾರದಿದ್ದರೂ 10 ವರ್ಷದವರೆಗೆ ಶಿಕ್ಷೆಯಾಗಬಹುದು. ಕೊಟ್ಟ ಮಾತನ್ನು ನಡೆಸಲಾಗದೆ ಹೋಗುವುದು ಬೇರೆ, ಮೊದಲಿನಿಂದಲೇ ನಡೆಸುವ ಮನಸ್ಸಿಲ್ಲದೆ ಮಾತು ಕೊಡುವುದು ಬೇರೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಪ್ರಮೋದ್ ಸೂರ್ಯಭಾನ್ ಪವಾರ್ ಪ್ರಕರಣದಲ್ಲಿ ವಿಂಗಡಿಸಿ ಹೇಳಿದೆ. ನಮ್ಮಲ್ಲಿ ಜಾತಿ, ಧರ್ಮ, ಮನೆಯವರ ಒಪ್ಪಿಗೆ ಇವೆಲ್ಲ ಎಷ್ಟು ಬಿಗಿಯೆಂಬುದು ನಿಮಗೆ ಹೇಳಬೇಕಾಗಿಲ್ಲ. ಮದುವೆಯ ವಿಚಾರದಲ್ಲಿ ನಿಮ್ಮ ನಿಲುವು ಏನು, ಮನೆಯಲ್ಲಿ ಮಾತೆತ್ತುವ ಧೈರ್ಯ ಇದೆಯೇ ಎಂಬುದನ್ನು ಹತ್ತಿರವಾಗುವ ಮೊದಲೇ ಆಕೆಗೆ ಇದ್ದದ್ದು ಇದ್ದಂತೆ ತಿಳಿಸುವುದು ಕಾನೂನಿಗೆ ಹೆದರಿ ಮಾಡಬೇಕಾದ ಕೆಲಸವಲ್ಲ. ಅದು ತಿಳಿಯದೆ ಆಕೆ ಒಪ್ಪಿದರೆ, ಒಪ್ಪಿದ್ದು ಯಾವುದಕ್ಕೆ ಎಂಬುದೇ ಅಸ್ಪಷ್ಟವಾಗುತ್ತದೆ. ಕಾಂಡೋಮ್ ವಿಷಯವೂ ಇದೇ ಸಾಲಿಗೆ ಸೇರಿದ್ದು. ಇರಬೇಕು ಎಂದು ಒಪ್ಪಿಕೊಂಡು ಮಧ್ಯದಲ್ಲಿ ತೆಗೆದರೆ ಆ ಒಪ್ಪಂದ ಅಲ್ಲಿಗೇ ಮುರಿಯಿತು.

ಭಯವನ್ನು ಮಾತ್ರ ಮುಂದಿಟ್ಟುಕೊಂಡು ಈ ಸೆಕ್ಷನ್‌ಗಳನ್ನು ಓದಿದರೆ ಅವು ನಿಮಗೆ ಹೆಚ್ಚು ಸಹಾಯ ಮಾಡಲಾರವು. ಕೇಸಿನಿಂದ ಪಾರಾಗುವುದು ಹೇಗೆ ಎಂದು ಯೋಚಿಸುವವರು ಕೊನೆಗೆ ಒಪ್ಪಿಗೆಯ ಸಾಕ್ಷ್ಯ ಕೂಡಿಡುವುದಕ್ಕೆ, ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದಿಡುವುದಕ್ಕೆ ಇಳಿಯುತ್ತಾರೆ. ಎದುರಿಗಿರುವವರಿಗೆ ಇದು ಬೇಕೇ ಎಂದು ಯೋಚಿಸುವವರಿಗೆ ಅದರ ಅಗತ್ಯ ಬೀಳುವುದು ತೀರ ಕಡಿಮೆ.

ಗೆಳೆಯರ ಬಗ್ಗೆ ಒಂದು ಮಾತು. ಎಲ್ಲಿಗೆ ಬಂತು ಎಂದು ಅವರು ವಾರವಾರ ಕೇಳುತ್ತಿರಬೇಕು ಎಂದು ನಿಮ್ಮ ಪತ್ರದ ಧಾಟಿಯಿಂದ ಊಹಿಸುತ್ತೇನೆ. ಆ ಸಂಜೆ ಮುತ್ತು ಕೊಡಬೇಕೆಂದು ನಿಮಗೇ ಅನಿಸಿತ್ತೇ, ಅಥವಾ ನಾಲ್ಕು ತಿಂಗಳಾಯಿತು, ಇಷ್ಟರಲ್ಲಿ ಆಗಬೇಕಿತ್ತು ಎಂಬ ಲೆಕ್ಕ ತಳ್ಳಿತೇ? ಗಂಡಸಿಗೂ ಇನ್ನೂ ಬೇಡ, ಇವತ್ತು ಬೇಡ, ಹೆದರಿಕೆಯಾಗುತ್ತದೆ ಎಂದೆಲ್ಲ ಅನಿಸುತ್ತದೆ. ನಮ್ಮ ಹುಡುಗರಿಗೆ ಅದನ್ನು ಒಪ್ಪಿಕೊಳ್ಳಲು ಜಾಗವೇ ಇಲ್ಲದ್ದರಿಂದ ಅವರು ತಮಗೆ ಬೇಕಿಲ್ಲದ ಆತುರವನ್ನೂ ಮೈಮೇಲೆ ಹೇರಿಕೊಳ್ಳುತ್ತಾರೆ. ನಿಮ್ಮ ‘ಬೇಡ’ ನಿಮಗೇ ಕೇಳಿಸದಿದ್ದರೆ ಇನ್ನೊಬ್ಬರದು ಕೇಳಿಸುವುದು ಕಷ್ಟ. ಗೆಳೆಯರಿಗೆ ಇನ್ನು ಮುಂದೆ ಈ ವಿಷಯದ ವರದಿ ಒಪ್ಪಿಸಬೇಡಿ. ಆಕೆಯ ಗುಟ್ಟು ಹೊರಗೆ ಹೋಗದಿರುವುದೂ ಆಕೆಯ ಒಪ್ಪಿಗೆಗೆ ಸೇರಿದ ವಿಷಯವೇ.

ಈಗ ಮಾಡಬೇಕಾದದ್ದು. ಆಕೆಗೆ ಒಂದು ಮೆಸೇಜು ಬರೆಯಿರಿ, ಉದ್ದ ಬೇಡ. “ಆ ದಿನ ತಣ್ಣೀರುಬಾವಿಯಲ್ಲಿ ನಾನು ಕೇಳದೆ ಹತ್ತಿರ ಬಂದೆ, ನೀನು ಬೇಡ ಎಂದದ್ದಕ್ಕೆ ದಾರಿಯುದ್ದಕ್ಕೂ ಮಾತಾಡದೆ ಕೂತೆ. ಎರಡೂ ಸರಿಯಲ್ಲ, ಸಾರಿ. ಕೊಟ್ಟಿಗೆಹಾರದ ವಿಚಾರ ಬಿಟ್ಟಿದ್ದೇನೆ. ನಿನಗೆ ಮನಸ್ಸಾದಾಗ ಕಾಫಿಗೆ ಸಿಗುವ” ಎಂಬಷ್ಟು ಸಾಕು. ನಿನ್ನ ಮೇಲಿನ ಪ್ರೀತಿಯಿಂದ ಹಾಗಾಯಿತು ಎಂಬ ಸಮಜಾಯಿಷಿ ಸೇರಿಸಬೇಡಿ, ಉತ್ತರ ಕೇಳಬೇಡಿ, ನೀಲಿ ಗೆರೆ ಬಂತೇ ಎಂದು ಕಾಯುತ್ತ ಇನ್ನೊಂದು ಮೆಸೇಜು ಹಾಕಬೇಡಿ. ಆಕೆ ‘ಪರವಾಗಿಲ್ಲ’ ಎಂದರೆ ಅದು ಕ್ಷಮೆಯಷ್ಟೇ, ಮುಂದಿನ ಸಲಕ್ಕೆ ಅನುಮತಿಯಲ್ಲ. ಭೇಟಿಯಾದಾಗ ಉಡುಪಿಯಲ್ಲೇ ಭೇಟಿಯಾಗಿ, ಈ ಸಲ ಬಸ್ಸಿಗೆ ಕಾಯುವವರು ನೀವಾಗಲಿ. ದೈಹಿಕ ಸಾಮೀಪ್ಯದ ಮಾತನ್ನು ಕೆಲವು ಭೇಟಿಗಳವರೆಗೆ ಎತ್ತಲೇಬೇಡಿ. ಆಮೇಲೆ ಎತ್ತುವುದಾದರೂ ಹಗಲು ಹೊತ್ತಿನಲ್ಲಿ, ಹೋಟೆಲಿನ ಮೇಜಿನ ಎದುರು ಬದುರು ಕೂತು, ಇಬ್ಬರೂ ಯಾವುದಕ್ಕೆ ಸಿದ್ಧರಿದ್ದೇವೆ, ಯಾವುದಕ್ಕೆ ಇಲ್ಲ ಎಂದು ಮಾತನಾಡಿ. ಮುಜುಗರವಾಗುತ್ತದೆ, ಆಗಲಿ.

ಆಕೆ ಇಲ್ಲಿಗೆ ನಿಲ್ಲಿಸುವ ಎಂದು ಬರೆಯುವ ಸಾಧ್ಯತೆಯೂ ಇದೆ. ಆಗ ‘ಆಯ್ತು, ನಿನಗೆ ಒಳ್ಳೆಯದಾಗಲಿ’ ಎಂಬ ಒಂದು ಸಾಲಿನ ಉತ್ತರ ಕೊಟ್ಟು ಅಲ್ಲಿಗೇ ನಿಲ್ಲಿಸಬೇಕು. ಆಕೆಯ ಗೆಳತಿಯ ಕೈಯಲ್ಲಿ ಹೇಳಿಸುವುದು, ಬೇರೆ ಹೆಸರಿನ ಖಾತೆಯಿಂದ ಇನ್‌ಸ್ಟಾಗ್ರಾಂ ನೋಡುತ್ತಿರುವುದು, ಕೆಲಸ ಬಿಡುವ ಹೊತ್ತಿಗೆ ಉಡುಪಿಯ ಬಸ್ ನಿಲ್ದಾಣದಲ್ಲಿ ಆಕಸ್ಮಿಕವೆಂಬಂತೆ ಎದುರಾಗುವುದು, ಇಂಥವನ್ನು ನಮ್ಮ ಸಿನಿಮಾಗಳು ಪ್ರೀತಿಯೆಂದು ತೋರಿಸುತ್ತ ಬಂದಿದ್ದರೂ, ಬೇಡವೆಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕಿಸುವುದು, ಬೆನ್ನು ಹತ್ತುವುದು ನ್ಯಾಯ ಸಂಹಿತೆಯ 78ನೇ ಸೆಕ್ಷನ್‌ನಲ್ಲಿ ಹಿಂಬಾಲಿಸುವ ಅಪರಾಧವಾಗಿದ್ದು, ಮೊದಲ ಸಲಕ್ಕೇ 3 ವರ್ಷದವರೆಗೆ ಶಿಕ್ಷೆಯಿದೆ. ನಾಲ್ಕು ತಿಂಗಳ ಒಡನಾಟ ಮುರಿದರೆ ಬೇಸರವಾಗುವುದು ಸಹಜ, ಆ ಬೇಸರವನ್ನು ಹೊತ್ತುಕೊಂಡು ಆಕೆಯ ಬಳಿಗೇ ಹೋಗಬಾರದು ಅಷ್ಟೇ. ನಿದ್ದೆ ಕೆಟ್ಟು, ಕೆಲಸದಲ್ಲಿ ಮನಸ್ಸು ನಿಲ್ಲದಂತಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು; ಖರ್ಚಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.